ಎದುರು ಬಾಗಿಲಿನ ಬೆಟ್ಟದವರು

ಕೊಲ್ಲಿ ದೇಶದ ಮಂಗಫ್ ಎಂಬ ಊರಿನಲ್ಲಿದ್ದ ನಮ್ಮ ಮನೆಯ ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿದ್ದು ನನಗೆ ನೆನಪಿಲ್ಲ. ಮೂರನೆಯ ಮಹಡಿ. ಮಹಡಿಗೆ ಎರಡೇ ಮನೆ, ಎದುರುಬದುರು ಬಾಗಿಲು, ನಡುವೆ ಚಪ್ಪಲಿ ಬಿಡುವಷ್ಟು ಜಾಗ. ಅಪ್ಪ ರಿಫೈನರಿಯಲ್ಲಿ ಪಂಪು ರಿಪೇರಿ ಮಾಡುವ ಟೆಕ್ನೀಶಿಯನ್. ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು ಕೆಳಗೆ ಬಂದು ನಿಲ್ಲುತ್ತಿತ್ತು. ಅವನು ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಹೆಲ್ಮೆಟ್ಟು ಹಿಡಿದು ಇಳಿದುಹೋದನೆಂದರೆ ಬಾಗಿಲು ತೆರೆದಂತೆಯೇ ಇರುತ್ತಿತ್ತು. ಏಸಿಯ ತಂಪೆಲ್ಲ ಹೊರಗೆ ಹೋಗುತ್ತದೆ ಎಂದು ಅಪ್ಪ ಎಷ್ಟು ಗೊಣಗಿದರೂ ಅವ್ವ ಕೇಳಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಒಬ್ಬಳೇ ಕೂತಿರುವುದು ಅವಳಿಗೆ ಬರುತ್ತಿರಲಿಲ್ಲ. ಗದಗಿನ ಕಡೆಯ ಎರೆಭೂಮಿಯಲ್ಲಿ, ಬೀದಿಗೇ ತೆರೆದುಕೊಂಡ ಮನೆಯಲ್ಲಿ, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ ಬೆಳೆದವಳು ಅವಳು.

ಮನೆ ಎಂದರೆ ಎರಡು ಕೋಣೆ, ಒಂದು ಉದ್ದನೆಯ ಹಾಲು, ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆ. ದೇವರಿಗೆ ಬೇರೆ ಜಾಗವಿರಲಿಲ್ಲ. ಫ್ರಿಜ್ಜಿನ ಮೇಲೆ ಹಲಗೆ ಇಟ್ಟು ಅವ್ವ ಶ್ರೀಶೈಲದ ಮಲ್ಲಯ್ಯನ ಪಟ ನಿಲ್ಲಿಸಿದ್ದಳು. ಫ್ರಿಜ್ಜು ಗುರ್ರೆಂದಾಗಲೆಲ್ಲ ಮಲ್ಲಯ್ಯ ಸಣ್ಣಗೆ ನಡುಗುತ್ತಿದ್ದ. ಮುಂಜಾನೆ ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನ ಹಣೆಗೂ ಹಚ್ಚಿ, ಆಮೇಲೆ ರೊಟ್ಟಿಗೆ ಕೂರುತ್ತಿದ್ದಳು. ಜೋಳದ ಹಿಟ್ಟು ಊರಿನಿಂದ ಬರಬೇಕಿತ್ತು. ರಜೆಗೆ ಹೋದವರು ಯಾರೇ ಇರಲಿ, ಅವರ ಸೂಟ್‌ಕೇಸಿನಲ್ಲಿ ನಮ್ಮ ಮನೆಯದೊಂದು ಹಿಟ್ಟಿನ ಚೀಲ ಇರುತ್ತಿತ್ತು. ಅದು ತೀರಿದ ದಿನಗಳಲ್ಲಿ ಅಂಗಡಿಯ ಕುಬ್ಬೂಸು ತಿನ್ನುತ್ತಿದ್ದೆವು, ಅಪ್ಪ ಅದನ್ನು ಬಡವರ ಚಪಾತಿ ಎಂದು ನಗುತ್ತಿದ್ದ.

ಎದುರು ಮನೆಯವರು ನಮಗೆ ಪರಿಚಯವಾದದ್ದು ರೊಟ್ಟಿಯಿಂದ. ಅವರು ಬಂದು ಒಂದೆರಡು ವಾರವಾಗಿತ್ತು. ಸಿರಿಯಾದವರಂತೆ ಎಂಬುದಷ್ಟೇ ಗೊತ್ತು. ಅಂದು ಅವ್ವ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಟಪಟಪ ಸದ್ದಿಗೆ ಎದುರು ಬಾಗಿಲು ತೆರೆಯಿತು. ಕಪ್ಪು ಉದ್ದಂಗಿ, ತಲೆಯಿಂದ ಸೊಂಟದವರೆಗೆ ಇಳಿದ ಅಚ್ಚ ಬಿಳಿ ಮುಸುಕು ತೊಟ್ಟ ಮುದುಕಿಯೊಬ್ಬಳು ನೆಟ್ಟಗೆ ನಮ್ಮ ಅಡುಗೆಮನೆಗೇ ಬಂದು ನಿಂತಳು. ಅವ್ವನ ಅಂಗೈ ತಿರುಗುವುದನ್ನು ನೋಡಿದಳು. ಹಿಟ್ಟನ್ನು ಚಿಟಿಕೆಯಲ್ಲಿ ತೆಗೆದು ಮೂಸಿದಳು. ಅವಳ ಮುಖವೆಲ್ಲ ಅರಳಿತು.

"ದುರಾ!" ಎಂದಳು.

ನನಗೆ ಶಾಲೆಯಲ್ಲಿ ಅರಬ್ಬಿ ಪಾಠವಿತ್ತು, ಆ ಮಾತು ಗೊತ್ತಿತ್ತು. ಜೋಳ ಎನ್ನುತ್ತಿದ್ದಾಳೆ ಎಂದು ಅವ್ವನಿಗೆ ಹೇಳಿದೆ. ಅವ್ವನ ಗಾಬರಿ ಇನ್ನೂ ಇಳಿದಿರಲಿಲ್ಲ.

"ಇಕಿ ಯಾರವಾ, ಹೇಳದ ಕೇಳದ ಒಳಗ ಬಂದ್ಲು? ಕುಂದ್ರು ಅಂತ ಹೇಳು ಅಕಿಗೆ. ಬಿಸೇದು ಒಂದು ತಿನ್ನಲಿ."

ಮುದುಕಿ ಕೂತಳು, ತಿನ್ನಲಿಲ್ಲ. ನನ್ನನ್ನು ಹತ್ತಿರ ಕರೆದು, ನಿನ್ನ ಅಪ್ಪ ಏನು ಕೆಲಸ ಮಾಡುತ್ತಾನೆ ಎಂದು ಕೇಳಿದಳು. ಯಂತ್ರ ರಿಪೇರಿ ಮಾಡುತ್ತಾನೆ ಎಂದೆ. ಕೈಯಿಂದಲೋ? ಹೌದು, ಕೈಯಿಂದಲೇ. ಆಗ ರೊಟ್ಟಿ ಮುರಿದು ಬಾಯಿಗಿಟ್ಟಳು. ಅವರ ಜನದಲ್ಲಿ ಧರ್ಮ ಹಿಡಿದವರು, ಅಂದರೆ ಬಿಳಿ ಮುಸುಕಿನವರು, ಬೆವರಿನಿಂದ ಬಂದದ್ದು ಹೌದೋ ಅಲ್ಲವೋ ಎಂದು ತಿಳಿಯದ ಅನ್ನವನ್ನು ಮುಟ್ಟುವುದಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಅಂದು ಅವಳು ಶೇಂಗಾ ಚಟ್ನಿ ಹಚ್ಚಿ ಎರಡು ರೊಟ್ಟಿ ತಿಂದಳು. ಹೋಗುವಾಗ ನನ್ನ ಹೆಸರು ಕೇಳಿದಳು. ಸುಮಾ ಎಂದೆ. ಅವಳ ಬಾಯಲ್ಲಿ ಅದು ಸಮಾ ಆಯಿತು. ಸಮಾ ಎಂದರೆ ಅವರಲ್ಲಿ ಆಕಾಶ. ತನ್ನನ್ನು ಸಿತ್ತಿ ಎಂದು ಕರೆ ಎಂದಳು. ಸಿತ್ತಿ ಎಂದರೆ ಅಜ್ಜಿ. ಅವಳ ನಿಜವಾದ ಹೆಸರು ನನಗೆ ಬಹಳ ವರ್ಷ ಗೊತ್ತಿರಲಿಲ್ಲ, ಬೇಕೂ ಆಗಲಿಲ್ಲ.

ಆ ಮನೆಯಲ್ಲಿ ಮೂವರಿದ್ದರು. ಸಿತ್ತಿ, ಅವಳ ಮಗ ನಾಯೆಫ್, ಸೊಸೆ ಸಲ್ಮಾ. ನಾಯೆಫ್ ಕ್ರೇನು ನಡೆಸುತ್ತಿದ್ದ. ಗಟ್ಟಿ ದನಿ, ದಟ್ಟ ಮೀಸೆ, ಸಿಗರೇಟು ಸೇದಲು ಮಾತ್ರ ತಾರಸಿ ಹತ್ತಿ ಹೋಗುತ್ತಿದ್ದ, ತಾಯಿಗೆ ಗೊತ್ತಿಲ್ಲವೆಂದು ನಂಬಿಕೊಂಡು. ಸಲ್ಮಾಗೆ ಮಕ್ಕಳಿರಲಿಲ್ಲ. ಶಾಲೆಯಿಂದ ಬಂದವಳು ನಾನು ಚೀಲವನ್ನು ನಮ್ಮ ಮನೆಯಲ್ಲಿ ಎಸೆದು ಊಟಕ್ಕೆ ಅವರ ಮನೆಗೆ ಓಡುತ್ತಿದ್ದೆ. ಮಾಂಸವಿಲ್ಲದ ಅಡುಗೆ ಇದ್ದ ದಿನ ಸಲ್ಮಾ ಬಾಗಿಲಲ್ಲೇ ನಿಂತು ಕೈಬೀಸುವಳು. ಮಸೂರ ಬೇಳೆ, ಗೋಧಿ ನುಚ್ಚು, ಮೇಲೆ ಕರಿದ ಈರುಳ್ಳಿ. ಅವ್ವ ಅದನ್ನು ಒಮ್ಮೆ ರುಚಿ ನೋಡಿ, "ಇದು ನಮ್ಮ ನುಚ್ಚಾ ಐತಲ್ಲವಾ!" ಎಂದು ತನ್ನ ಉಪ್ಪಿನಕಾಯಿ ಜಾಡಿ ಎತ್ತಿಕೊಂಡು ಅಲ್ಲಿಗೇ ನಡೆದಳು. ವಾರಕ್ಕೊಮ್ಮೆ ತಾರಸಿಯ ಮೇಲೆ ಸಿತ್ತಿ ಮತ್ತು ಸಲ್ಮಾ ರೊಟ್ಟಿ ಸುಡುತ್ತಿದ್ದರು. ಬೋರಲು ಹಾಕಿದ ಬಾಣಲೆಯಂಥ ಕಬ್ಬಿಣದ ಹಂಚು. ಸಿತ್ತಿ ಹಿಟ್ಟನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಎಸೆದೆಸೆದು, ಮುಸುಕಿನಷ್ಟೇ ತೆಳ್ಳಗೆ ಮಾಡಿ, ದುಂಡು ದಿಂಬಿನ ಮೇಲೆ ಹರಡಿ ಹಂಚಿಗೆ ಬಡಿಯುವಳು. ಅವ್ವ ಒಮ್ಮೆ ತಾನೂ ಎಸೆಯಲು ಹೋದಾಗ ಹಿಟ್ಟು ಅವಳ ಮೊಣಕೈಗೆ ಸುತ್ತಿಕೊಂಡಿತು. ಸಿತ್ತಿಗೆ ಕೂತಲ್ಲಿಂದ ಏಳಲಾಗದಷ್ಟು ನಗು.

ಜಗಳವೂ ಆಯಿತು. ಸಿರಿಯಾದ ಬೆಟ್ಟಸೀಮೆಯಿಂದ ಬಂದ ಇವರಿಗೆ ಒಂದು ಪಾನೀಯವಿತ್ತು. ಹಿಂದೆ ಯಾವಾಗಲೋ ಅವರ ಜನ ಹೊಟ್ಟೆಪಾಡಿಗೆ ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋದವರು, ಮರಳುವಾಗ ಆ ದೇಶದ ಎಲೆಯ ಚಟವನ್ನು ಜೊತೆಗೆ ತಂದರು. ಪುಟ್ಟ ಬುರುಡೆಯಂಥ ಲೋಟಕ್ಕೆ ಒಣ ಎಲೆಯ ಪುಡಿ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರಬೇಕು. ಒಬ್ಬರು ಹೀರಿದ ಮೇಲೆ ಮತ್ತೆ ನೀರು, ಇನ್ನೊಬ್ಬರು. ಅದೇ ಲೋಟ, ಅದೇ ಕೊಳವೆ. ಅದರ ಹೆಸರೇ ಮತ್ತೆ. ಮೊದಲ ಸಲ ಸಿತ್ತಿ ಲೋಟ ಮುಂದೆ ಚಾಚಿ "ಮತ್ತೆ?" ಎಂದಾಗ ಅವ್ವ ನನ್ನ ಕಡೆ ತಿರುಗಿದಳು.

"ಇನ್ನೂ ಒಮ್ಮೆನೂ ಕುಡದಿಲ್ಲ, ಮತ್ತ ಅಂತ ಕೇಳ್ತಾಳಲ್ಲ!"

ನಾನು ನಕ್ಕು ನಕ್ಕು ವಿವರಿಸಿದೆ. ಆದರೆ ನಾನೇ ಆ ಸಾಲಿನಲ್ಲಿ ಕೂತು ಹೀರುವುದನ್ನು ನೋಡಿದ ದಿನ ಅವ್ವ ನನ್ನ ರಟ್ಟೆ ಹಿಡಿದು ಮನೆಗೆಳೆದಳು.

"ಒಂದಾ ಕೊಳವಿ, ಮನಿ ಮಂದಿ ಬಾಯೆಲ್ಲಾ ಅದಕ್ಕ! ಎಂಜಲಾ ಅನ್ನೂದು ಗೊತ್ತಿಲ್ಲೇನ ನಿನಗ?"

"ಲಿಂಬಿ ಸಿಪ್ಪಿಲೆ ಒರಸಿ ಕೊಡ್ತಾರ ತಗೋ," ಎಂದ ಅಪ್ಪ, ಪೇಪರಿನಿಂದ ತಲೆ ಎತ್ತದೆ.

"ನೀವು ಸುಮ್ನಿರ್ರಿ. ನಿಮಗ ಎಲ್ಲಾ ನಡೀತೈತಿ."

ಬಾಗಿಲು ತೆರೆದೇ ಇತ್ತಲ್ಲ, ಎದುರು ಮನೆಗೆ ಎಲ್ಲವೂ ಕೇಳಿತು. ಭಾಷೆ ತಿಳಿಯದಿದ್ದರೂ ಯಾತಕ್ಕೆ ಎಂಬುದು ತಿಳಿಯದಿರುತ್ತದೆಯೇ? ಎರಡು ದಿನ ಆ ಕಡೆಯಿಂದ ಯಾರೂ ಬರಲಿಲ್ಲ. ಅವ್ವ ಸಪ್ಪಗಾದಳು, ಸೋಲಲು ಮಾತ್ರ ತಯಾರಿಲ್ಲ. ಮೂರನೆಯ ದಿನ ಸಿತ್ತಿ ಬಂದಳು. ಹೊಳೆಯುವ ಹೊಸ ಕೊಳವೆಯೊಂದನ್ನು ಅವ್ವನ ಅಂಗೈಯಲ್ಲಿಟ್ಟು, ನನ್ನ ಮೂಲಕ ಹೇಳಿಸಿದಳು:

"ಇದು ನಿನ್ನದು. ಇದಕ್ಕೆ ಬೇರೆ ಯಾರ ಬಾಯೂ ತಾಗಿಲ್ಲ, ತಾಗೋದೂ ಇಲ್ಲ. ನಮ್ಮಲ್ಲೂ ನಿಯಮಗಳಿವೆ, ಮಗಳೇ. ನಿಯಮ ಇರೋರನ್ನ ನಾನು ಗೌರವಿಸ್ತೀನಿ."

ಅಂದಿನಿಂದ ಅವ್ವನೂ ಆ ಕಹಿ ಹೀರತೊಡಗಿದಳು. ಬೆಲ್ಲ ಹಾಕಿದರೆ ಚಲೋ ಇರುತ್ತಿತ್ತು ಎಂಬ ತಕರಾರು ಕೊನೆಯವರೆಗೂ ಇತ್ತು.

ಚಳಿಗಾಲದ ಸಂಜೆಗಳಲ್ಲಿ ಸಿತ್ತಿ ತನ್ನ ಬೆಟ್ಟದ ಕತೆ ಹೇಳುತ್ತಿದ್ದಳು. ಅವರ ಪಟ್ಟಣದ ಹೆಸರು ಸುವೈದಾ. ಪುಟ್ಟ ಕರಿಯವಳು ಎಂದು ಅದರ ಅರ್ಥ. ನಾನು ಹೇಳಿದಾಗ ಅವ್ವ, "ಕರೆವ್ವ ಅಂದಂಗಾತು" ಎಂದಳು. ಅಲ್ಲಿನ ಕಲ್ಲು ಕಪ್ಪು, ಮಣ್ಣು ಕಪ್ಪು, ಮನೆಗಳು ಕಪ್ಪು. ಅವರ ಹಿರಿಯರು ಮೊದಲು ಇದ್ದದ್ದು ಲೆಬನಾನಿನ ಬೆಟ್ಟಗಳಲ್ಲಿ. ಅಲ್ಲಿ ತಮ್ಮತಮ್ಮಲ್ಲೇ ಕಾದಾಡಿ ಸೋತವರು ಹೆಂಡತಿ ಮಕ್ಕಳನ್ನು ಹೇಸರಗತ್ತೆಗಳ ಮೇಲೆ ಕೂರಿಸಿಕೊಂಡು ಪೂರ್ವಕ್ಕೆ ಹೊರಟರು. ನಡೆದು ನಡೆದು ಕರಿಬೆಟ್ಟಕ್ಕೆ ಬಂದರೆ ಊರಿಗೆ ಊರೇ ಖಾಲಿ ಬಿದ್ದಿತ್ತು. ಎಂದೋ ಯಾರೋ ಕಟ್ಟಿ ಬಿಟ್ಟುಹೋದ ಕಲ್ಲಿನ ಮನೆಗಳು. ಗೋಡೆ ಕಲ್ಲು, ಮಾಳಿಗೆ ಕಲ್ಲು, ಬಾಗಿಲೂ ಒಂದೇ ಕಲ್ಲಿನದು, ಬೆರಳಿನಿಂದ ನೂಕಿದರೆ ಈಗಲೂ ತಿರುಗುತ್ತದೆ. ಒಳಗಿದ್ದ ನರಿಗಳನ್ನು ಓಡಿಸಿ, ಕಸ ಗುಡಿಸಿ, ಒಲೆ ಹಚ್ಚಿದರು. ಸಿತ್ತಿ ಹುಟ್ಟಿದ್ದು ಅಂಥದೇ ಮನೆಯಲ್ಲಿ. ಸಾವಿರಾರು ವರ್ಷದ ಹಿಂದಿನವರು ಕೆತ್ತಿದ ದ್ರಾಕ್ಷಿಬಳ್ಳಿ ಅವಳ ತೊಟ್ಟಿಲಿನ ಮೇಲಿನ ಕಲ್ಲಿನಲ್ಲಿತ್ತಂತೆ.

ಹೊರಗಿನವರು ಅವರನ್ನು ದ್ರೂಜರು ಎನ್ನುತ್ತಾರೆ. ಸಿತ್ತಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ. ನಾವು ಬನೀ ಮಅರೂಫ್, ಒಳಿತು ಮಾಡುವವರ ಮಕ್ಕಳು ಎನ್ನುತ್ತಿದ್ದಳು. ಅವರ ಧರ್ಮದ ಕರೆ ಬಹಳ ಹಿಂದೆ ಈಜಿಪ್ಟಿನಲ್ಲಿ ಎದ್ದಿತು. ಕೇಳಿಸಿಕೊಂಡವರು ಒಳಗೆ ಬಂದರು, ಆಮೇಲೆ ಬಾಗಿಲು ಮುಚ್ಚಿತು. ಅಂದಿನಿಂದ ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಮದುವೆಯಾಗುವಂತಿಲ್ಲ. ಒಳಗಿರುವವರಲ್ಲೂ ಎಲ್ಲರಿಗೂ ಎಲ್ಲವೂ ಗೊತ್ತಿಲ್ಲ. ಧರ್ಮ ಹಿಡಿದವರಿಗಷ್ಟೇ ಓದು, ಕೂಟ. ನಾಯೆಫ್‌ನಂಥವರು ಅಜ್ಞಾನಿಗಳು. ಅವನು ಹಾಗೆಂದು ತಾನೇ ನಗುತ್ತ ಹೇಳಿಕೊಳ್ಳುತ್ತಿದ್ದ. ಗುರುವಾರ ಸಂಜೆ ಊರಿನಲ್ಲಾದರೆ ಎಲ್ಲರೂ ಪ್ರಾರ್ಥನೆಯ ಮನೆಗೆ ಹೋಗುತ್ತಾರೆ. ಇಲ್ಲಿ ಸಿತ್ತಿ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಆ ಹೊತ್ತು ಸಲ್ಮಾ ಟೀವಿಯ ಸದ್ದು ಇಳಿಸುತ್ತಿದ್ದಳು. ಅವರ ಅರಬ್ಬಿಯೂ ಬೇರೆ. ಬೇರೆ ಸಿರಿಯಾದವರು ನುಂಗಿಬಿಡುವ ಒಂದು ಅಕ್ಷರವನ್ನು ಇವರು ಗಂಟಲಿನ ಆಳದಿಂದ ಎತ್ತಿ ಕ ಎಂದು ಗಟ್ಟಿಯಾಗಿ ಹೇಳುತ್ತಾರೆ. ನಾನೂ ಹಾಗೇ ಕಲಿತೆ. ಶಾಲೆಯಲ್ಲಿ ಅರಬ್ಬಿ ಟೀಚರ್ ನನ್ನನ್ನು ನಿಲ್ಲಿಸಿ, ನೀನು ಯಾವ ಬೆಟ್ಟದಿಂದ ಇಳಿದು ಬಂದೆ ಎಂದು ಕೇಳಿದ್ದರು.

ಒಂದು ಸಂಜೆ ನಾನು, ನಾನೂ ನಿಮ್ಮವಳಾಗಬಹುದೇ ಎಂದು ಕೇಳಿದೆ. ಸಿತ್ತಿ ನನ್ನ ಜಡೆ ಹೆಣೆಯುತ್ತಿದ್ದಳು.

"ಆಗೋಲ್ಲ, ಸಮಾ. ಬಾಗಿಲು ಮುಚ್ಚಿ ಸಾವಿರ ವರ್ಷ ಆಯ್ತು."

"ಹಾಗಾದರೆ ನಾನು ಇಲ್ಲಿ ಬರಬಾರದಾ?"

"ಮುಚ್ಚಿರೋದು ಧರ್ಮದ ಬಾಗಿಲು. ನನ್ನ ಮನೆ ಬಾಗಿಲು ಯಾರು ಮುಚ್ಚಿದರು? ತಲೆ ಅಲುಗಿಸಬೇಡ."

ಆ ವರ್ಷ ಅವ್ವ ಬಸುರಿಯಾದಳು. ನನ್ನ ನಂತರ ಬಹಳ ವರ್ಷಕ್ಕೆ. ಸಲ್ಮಾ ಉಣ್ಣೆಯ ಟೊಪ್ಪಿಗೆ ಹೆಣೆದಳು. ಸಿತ್ತಿ ಬೆಟ್ಟದಿಂದ ದ್ರಾಕ್ಷಿಯ ಕಾಕಂಬಿ ತರಿಸಿ ಚಮಚೆಯಲ್ಲಿ ತಿನ್ನಿಸಿದಳು. ಆದರೆ ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ಅವ್ವ ಅಡುಗೆಮನೆಯಲ್ಲಿ ಕುಸಿದು ಕೂತಳು. ನಾಯೆಫ್ ತನ್ನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದ. ಗಂಡು ಮಗು. ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಉಸಿರಾಡಿತು, ಹೆಸರಿಡುವ ಮೊದಲೇ ಹೋಯಿತು. ಅಪ್ಪ, ಅವನ ಜೊತೆ ಕೆಲಸ ಮಾಡುವ ಇಬ್ಬರು, ನಾಯೆಫ್, ನಾಲ್ವರೇ ಹೋಗಿ ಮಣ್ಣು ಮಾಡಿ ಬಂದರು. ನಮ್ಮವರ ಪದ್ಧತಿಯಂತೆ ಅಪ್ಪ ಮಗುವಿನ ಹಣೆಗೆ ವಿಭೂತಿ ಹಚ್ಚಿದ್ದ. ಬೆರಳಿಗಂಟಿದ ಆ ಬೂದಿಯನ್ನು ಅವನು ಮನೆಗೆ ಬಂದ ಮೇಲೂ ತೊಳೆದುಕೊಳ್ಳಲಿಲ್ಲ. ಅವ್ವ ಆಗಿನ್ನೂ ಆಸ್ಪತ್ರೆಯಲ್ಲಿದ್ದಳು.

ಅವಳು ಮನೆಗೆ ಬಂದಳು, ಮಂಚ ಹಿಡಿದಳು. ರೊಟ್ಟಿ ಬಡಿಯುವ ಸದ್ದು ನಿಂತಿತು. ಮಲ್ಲಯ್ಯನ ಮುಂದೆ ದೀಪ ಹಚ್ಚುವ ಕೆಲಸ ನನ್ನದಾಯಿತು. ಎದೆಯಲ್ಲಿ ಹಾಲು ಬಂದು ಕುಪ್ಪಸ ತೊಯ್ದರೆ ಅವಳು ಅದನ್ನು ಬದಲಿಸುತ್ತಲೂ ಇರಲಿಲ್ಲ. ಸಲ್ಮಾ ಮಾಡಿ ತಂದದ್ದನ್ನು ಅಪ್ಪ, ನಾನು ಉಣ್ಣುತ್ತಿದ್ದೆವು. ಅವ್ವ ಒಂದು ತುತ್ತು ಬಾಯಿಗಿಟ್ಟು ಗೋಡೆಯ ಕಡೆ ತಿರುಗುತ್ತಿದ್ದಳು. ಊರಿಗೆ ಫೋನು ಮಾಡಿಕೊಟ್ಟರೆ ರಿಸೀವರು ಕಿವಿಗೆ ಹಿಡಿದು ಸುಮ್ಮನಿರುತ್ತಿದ್ದಳು. ಆ ಕಡೆಯಿಂದ ನಮ್ಮ ಅಮ್ಮ, ಅವ್ವನ ತಾಯಿ, "ನೀಲವ್ವಾ, ನೀಲವ್ವಾ" ಎಂದು ಕೂಗುವುದು ನನಗೇ ಕೇಳಿಸುತ್ತಿತ್ತು. ಸಿತ್ತಿ ದಿನವೂ ಬೆಳಿಗ್ಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ಮಾತಿಲ್ಲ, ಸಮಾಧಾನವಿಲ್ಲ. ಒಂದಷ್ಟು ಹೊತ್ತು ಕೂತು ಎದ್ದುಹೋಗುತ್ತಿದ್ದಳು.

ನನಗೆ ಶಾಲೆಗೆ ರಜೆಯಿದ್ದ ಒಂದು ದಿನ ಅವಳು ನನ್ನನ್ನು ಇಬ್ಬರ ನಡುವೆ ಕೂರಿಸಿಕೊಂಡಳು.

"ನಿನ್ನ ಅವ್ವನಿಗೆ ಹೇಳು. ನಮ್ಮಲ್ಲಿ ಸತ್ತ ಅನ್ನೋದಿಲ್ಲ. ಒಂದು ಮನೆಯಲ್ಲಿ ಕಣ್ಣು ಮುಚ್ಚಿದ ಗಳಿಗೆಗೇ ಇನ್ನೊಂದು ಮನೆಯಲ್ಲಿ ಕಣ್ಣು ತೆರೀತಾನೆ. ನಡುವೆ ಕಾಯೋದೂ ಇಲ್ಲ. ಮೈ ಅನ್ನೋದು ಕಮೀಸ್, ಅಷ್ಟೆ. ಹಳೆಯದನ್ನ ಬಿಟ್ಟು ಹೊಸದನ್ನ ತೊಡ್ತಾನೆ."

ನಾನು ನಮ್ಮ ಮಾತಿಗೆ ತಿರುಗಿಸಿ ಹೇಳಿದೆ. ಕಮೀಸು ಎಂಬ ಮಾತು ಅವ್ವನಿಗೆ ನಾನು ಹೇಳುವ ಮೊದಲೇ ತಿಳಿದಿತ್ತು. ಅವಳು ಗೋಡೆಯಿಂದ ಈ ಕಡೆ ಹೊರಳಿದಳು. ಎಷ್ಟೋ ದಿನದ ಮೇಲೆ ಅವಳ ದನಿ ಕೇಳಿದೆ.

"ಹಳೇ ಅಂಗಿ ಆಗಿದ್ರ ಬಿಡ್ಲಿ. ಅದು ಹೊಸಾದಿತ್ತು. ಒಂದ ಸಲಾನೂ ಒಗದಿರಲಿಲ್ಲ. ಇದನ್ನ ಹೇಳು ಅಕಿಗೆ."

ಹೇಳಿದೆ. ಸಿತ್ತಿಯ ಕೈ ಮುಸುಕಿನ ಅಂಚನ್ನು ಹಿಡಿದು ಬಾಯಿಗೆ ಒತ್ತಿಕೊಂಡಿತು. ಆಮೇಲೆ ಅವಳು ನಿಧಾನವಾಗಿ, ನನಗೆ ಹೇಳಲು ಸಮಯ ಕೊಟ್ಟು ಕೊಟ್ಟು, ತನ್ನ ಕತೆ ಹೇಳಿದಳು. ನಾಯೆಫ್‌ಗಿಂತ ಮೊದಲು ಅವಳಿಗೆ ಯೂಸೆಫ್ ಎಂಬ ಮಗನಿದ್ದ. ಶಾಲೆಗೆ ಹೋಗತೊಡಗಿದ್ದ ಹುಡುಗ. ಊರ ಮುಂದಿನ ಹಳೆಯ ಕಲ್ಲುಕೊಳದಲ್ಲಿ ಜಾರಿ ಬಿದ್ದು ಹೋದ. ಆತ್ಮ ಆಗಲೇ ಬೇರೆ ಮನೆ ಸೇರಿರುತ್ತದೆ, ಗಟ್ಟಿಯಾಗಿ ಅತ್ತರೆ ಅದಕ್ಕೆ ತೊಂದರೆ ಎಂದು ಹಿರಿಯ ಹೆಂಗಸರು ಹೇಳಿದರು. ಅವಳು ಅಳಲಿಲ್ಲ. ಕೆಲವು ವರ್ಷದ ಮೇಲೆ ಎರಡು ಗುಡ್ಡದಾಚೆಯ ಊರಿನಿಂದ ಸುದ್ದಿ ಬಂತು. ಮಾತು ಕಲಿತ ಒಂದು ಗಂಡುಮಗು, ನನ್ನ ಹೆಸರು ಯೂಸೆಫ್, ನಾನು ನೀರಿಗೆ ಬಿದ್ದೆ, ನನ್ನ ಮನೆಗೆ ಕಲ್ಲಿನ ಬಾಗಿಲಿದೆ ಎನ್ನುತ್ತಿದೆ. ಬೆಟ್ಟದಲ್ಲಿ ಇದು ಅಪರೂಪವಲ್ಲವಂತೆ. ಅಂಥ ಮಗುವನ್ನು ಹಳೆಯ ಮನೆಗೆ ಕರೆತರುವುದು ವಾಡಿಕೆ. ತಂದರು.

"ಬಂದ. ಬಾಗಿಲನ್ನ ಎಲ್ಲಿ ನೂಕಬೇಕೋ ಅಲ್ಲೇ ನೂಕಿದ. ಕತ್ತೆ ಕೊರಳ ಗಂಟೆ ಎಲ್ಲಿ ಅಂತ ಕೇಳಿದ. ನನ್ನ ಮುಖ ನೋಡಿ ಯಮ್ಮಾ ಅಂದ. ದಿನವೆಲ್ಲ ನನ್ನ ತೊಡೆ ಮೇಲಿದ್ದ, ಸಮಾ. ಅಂಜೂರ ತಿಂದ. ಸಂಜೆ ಆಯ್ತು. ಕತ್ತಲಾಗ್ತಿದ್ದ ಹಾಗೆ ಅಳೋಕೆ ಶುರು ಮಾಡಿದ. ಅವನಿಗೆ ಅವನ ಅಮ್ಮ ಬೇಕಿತ್ತು. ನಾನಲ್ಲ. ಆ ಇನ್ನೊಬ್ಬಳು."

ನಾನು ಹೇಳಿದೆ. ಅವ್ವ ಎದ್ದು ಕೂತಿದ್ದಳು.

"ಆಮ್ಯಾಲ ಏನ್ ಮಾಡಿದ್ಲಂತ?"

"ಬೆನ್ನ ಮೇಲೆ ಹೊತ್ತುಕೊಂಡು ನಾನೇ ನಡೆದೆ. ಆ ಊರಿಗೆ ಹೋಗೋ ಹೊತ್ತಿಗೆ ನಿದ್ದೆ ಮಾಡಿದ್ದ. ಅವಳು ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದಳಂತೆ. ನಾನು ಅವನನ್ನ ಇಟ್ಟುಕೊಂಡುಬಿಡ್ತೀನಿ ಅಂತ ಹೆದರಿದ್ದಳು. ಅವಳ ಮುಖ ನೋಡಿದೆ. ಕೊಳದ ಹತ್ತಿರ ನನ್ನ ಮುಖ ಹಾಗೇ ಇದ್ದಿರಬೇಕು. ಅವಳ ಕೈಗೆ ಕೊಟ್ಟೆ. ಮತ್ತೆ ಕರೆಸಲಿಲ್ಲ."

ಅವ್ವ ನನ್ನ ಭುಜ ಹಿಡಿದುಕೊಂಡು ಮುಂದಕ್ಕೆ ಬಾಗಿದಳು.

"ಅತ್ಲೇನು? ಕೇಳು. ಆಗರ ಅತ್ಲೇನು ಅಕಿ?"

ನಾನು ಕೇಳಿದೆ. ಸಿತ್ತಿ ತಾನು ಅಳಲಿಲ್ಲವೆಂದು ಎಲ್ಲರಿಗೂ ಹೇಳಿರುವುದಾಗಿ ಹೇಳಿದಳು. ಆಮೇಲೆ ನನ್ನನ್ನು ಬಿಟ್ಟು ಅವ್ವನನ್ನೇ ನೋಡುತ್ತ ಹೇಳಿದಳು:

"ಅತ್ತೆ. ಬರೋ ದಾರಿಯಲ್ಲಿ, ದ್ರಾಕ್ಷಿ ತೋಟದೊಳಗೆ ಕೂತು. ಬೆಳಗಾಗೋವರೆಗೂ."

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅವ್ವನ ಅಳು ಒಡೆಯಿತು. ಮಗು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಸಿತ್ತಿ ಎದ್ದು ಮಂಚದ ಮೇಲೆ ಕೂತು ಅವಳ ತಲೆಯನ್ನು ತನ್ನ ಬಿಳಿ ಮುಸುಕಿನೊಳಗೆ ತೆಗೆದುಕೊಂಡಳು. ಅಡುಗೆಮನೆಯಿಂದ ಸಲ್ಮಾ ಓಡಿಬಂದು ಬಾಗಿಲಲ್ಲೇ ನಿಂತಳು. ನಾನು ಹತ್ತು ವರ್ಷದವಳು. ನನ್ನ ಬಾಯಿಂದಲೇ ಇಷ್ಟೆಲ್ಲ ಆಯಿತು ಎಂದು ಗಾಬರಿಯಾಗಿ ನೀರು ತರಲು ಹೋದೆ. ಲೋಟ ತುಂಬಿದ ಮೇಲೂ ನಲ್ಲಿ ನಿಲ್ಲಿಸಲು ಮರೆತು ನಿಂತಿದ್ದು ನೆನಪಿದೆ.

ಅದಾದ ಮೇಲೆ ಅವ್ವ ಒಂದೇ ಹಟ ಹಿಡಿದಳು. ಮಗುವನ್ನು ಮಣ್ಣು ಮಾಡಿದ ಜಾಗ ನೋಡಬೇಕು. ಅಪ್ಪ ಇವತ್ತು ನಾಳೆ ಎಂದು ತಳ್ಳುತ್ತಿದ್ದ. ಸಿತ್ತಿಗೆ ಈ ಮಾತು ಸರಿಬರಲಿಲ್ಲ. ಬಿಟ್ಟುಹೋದ ಅಂಗಿಯನ್ನು ನೋಡಲು ಯಾರಾದರೂ ಹೋಗುತ್ತಾರೆಯೇ? ಅವರ ಜನ ಗೋರಿಗಳಿಗೆ ಹೋಗುವವರಲ್ಲ.

"ಅಲ್ಲಿ ಯಾರೂ ಇಲ್ಲ, ಮಗಳೇ."

"ಯಾರೂ ಇಲ್ಲದಿದ್ರೂ ಇರ್ಲಿ. ಅಕಿ ಮಗ ತಿರುಗಿ ಬಂದು ಯಮ್ಮಾ ಅಂದ. ನಂದು ಒಮ್ಮೆನೂ ಅಂದಿಲ್ಲ. ನನಗ ಆ ಮಣ್ಣರ ನೋಡಬೇಕು."

ಶುಕ್ರವಾರ ನಾಯೆಫ್ ಗಾಡಿ ತೆಗೆದ. ಅಪ್ಪ, ಅವ್ವ, ನಾನು ಹಿಂದೆ ಕೂತೆವು. ಇನ್ನೇನು ಹೊರಡಬೇಕು, ಮುಂದಿನ ಬಾಗಿಲು ತೆರೆದು ಸಿತ್ತಿ ಹತ್ತಿ ಕೂತಳು. ನಾಯೆಫ್ ತಾಯಿಯ ಮುಖವನ್ನೇ ನೋಡಿದ. ತನ್ನ ಗಂಡನ ಗೋರಿಗೂ ಅವಳು ಹೋದವಳಲ್ಲ.

"ಏನು ನೋಡ್ತೀಯ? ಯಲ್ಲಾ, ನಡಿ," ಎಂದಳು ಸಿತ್ತಿ.

ಊರಾಚೆ, ಬೇರೆ ಬೇರೆ ದೇಶಗಳಿಂದ ಬಂದು ಇಲ್ಲೇ ಉಳಿದುಹೋದವರಿಗೆ ಎಂದು ಬಿಟ್ಟಿದ್ದ ಜಾಗ. ಮರವಿಲ್ಲ, ನೆರಳಿಲ್ಲ. ಮಕ್ಕಳದ್ದು ಒಂದು ಮೂಲೆಯಲ್ಲಿ. ಗೇಣುದ್ದದ ಮರಳಿನ ಗುಪ್ಪೆಗಳು, ಒಂದೊಂದರ ತಲೆಗೆ ಒಂದು ಕಲ್ಲು, ಹೆಸರಿಲ್ಲ. ಅಪ್ಪ ಮುಂದೆ ನಡೆದ. ಒಂದರ ಹತ್ತಿರ ನಿಂತ, ಮುಂದೆ ಹೋದ, ಹಿಂದೆ ಬಂದ.

"ಇದಾ ಇರಬೇಕು... ಅಲ್ಲ, ಆಚೇದ... ಆವತ್ತು ಇಷ್ಟು ಇರಲಿಲ್ಲ."

ಗಾಳಿ ಮರಳನ್ನು ಅತ್ತಿತ್ತ ಮಾಡಿತ್ತು. ದೊಡ್ಡ ದೊಡ್ಡ ಪಂಪು ಬಿಚ್ಚಿ ಕೂಡಿಸುವ ಮನುಷ್ಯ, ಮೊಣಕಾಲೂರಿ ಕಲ್ಲಿಂದ ಕಲ್ಲಿಗೆ ಕೈಯಾಡಿಸುತ್ತಿದ್ದ. ನಾಯೆಫ್ ಅವನ ಹೆಗಲ ಮೇಲೆ ಕೈಯಿಟ್ಟು, ಖಲಾಸ್, ಭಾಯಿ, ಖಲಾಸ್, ಸಾಕು ಬಿಡು ಎಂದ. ಅವ್ವ ನಿಂತೇ ಇದ್ದಳು. ಸಿತ್ತಿ ಅವಳ ಪಕ್ಕಕ್ಕೆ ಹೋಗಿ, ನನ್ನ ಕಡೆ ನೋಡದೆ, ನನಗೆ ಹೇಳಿದಳು:

"ಕೇಳು. ಹೆಸರು ಏನಿಡಬೇಕು ಅಂತಿದ್ದಳು?"

ಅವ್ವನಿಗೆ ಉತ್ತರಕ್ಕೆ ಯೋಚಿಸಬೇಕಾಗಿರಲಿಲ್ಲ. "ಮಲ್ಲಿಕಾರ್ಜುನ" ಎಂದಳು. ಅದು ನಮ್ಮ ಮನೆದೇವರ ಹೆಸರು, ಬೆಟ್ಟದ ಮೇಲಿರುವ ದೇವರು ಎಂದು ನಾನು ಸಿತ್ತಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಅಂಥ ಹೆಸರು ಅವಳಿಗೆ ಸಲೀಸಾಗಿ ಅರ್ಥವಾಗುವಂಥದು.

"ಹಾಗಾದರೆ ಒಂದು ಸಲ ಕರೆಯಲಿ. ಗಟ್ಟಿಯಾಗಿ. ಒಂದೇ ಸಲ. ಆಮೇಲೆ ಬೇಡ, ಅವನು ಆಡ್ತಿರ್ತಾನೆ."

ಅವ್ವ ಕರೆದಳು. ನಮ್ಮ ಕಡೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಆಡುವ ಮಕ್ಕಳನ್ನು ಊಟಕ್ಕೆ ಕರೆಯುತ್ತಾರಲ್ಲ, ಹಾಗೆ. "ಮಲ್ಲಣ್ಣಾ!" ಆ ಮರಳಿನ ಬಯಲಿನಲ್ಲಿ ಅದು ಬಹಳ ದೂರ ಹೋಯಿತು. ಗೇಟಿನ ಬಳಿಯಿದ್ದ ಕಾವಲುಗಾರ ಎದ್ದು ನಿಂತು ನೋಡಿದ. ಯಾವ ಗುಪ್ಪೆ ನಮ್ಮದು ಎಂದು ಅವ್ವ ಮತ್ತೆ ಕೇಳಲಿಲ್ಲ. ತಂದಿದ್ದ ಬಾಟಲಿಯ ನೀರನ್ನು ಆ ಸಾಲಿನ ಎಲ್ಲ ಮಕ್ಕಳ ಮೇಲೂ ಸ್ವಲ್ಪ ಸ್ವಲ್ಪ ಹಾಕುತ್ತ ಹೋದಳು. ಸಿತ್ತಿ ಅವಳ ಹಿಂದೆಯೇ ನಡೆದಳು, ಬಿಳಿ ಮುಸುಕು ಗಾಳಿಗೆ ಹಾರದಂತೆ ಹಲ್ಲಿನಲ್ಲಿ ಕಚ್ಚಿ ಹಿಡಿದು.

ಬರುವಾಗ ಫಿಂಟಾಸ್ ಎಂಬ ಊರು ದಾಟುತ್ತಿದ್ದಂತೆ ಎಡಕ್ಕೆ ಸಮುದ್ರ ಕಂಡಿತು. ಅವ್ವ ಕಿಟಕಿಯಾಚೆ ನೋಡುತ್ತಲೇ, "ಹಸಿವಿ ಆಗೇತಿ" ಎಂದಳು. ನಾನು ಅದನ್ನು ಅರಬ್ಬಿಯಲ್ಲಿ ಹೇಳಿದ್ದೇ ತಡ, ನಾಯೆಫ್ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಕಡಲೆಯ ವಡೆಯಂಥ ಫಲಾಫಲ್ ಕಟ್ಟಿಸಿಕೊಂಡು ಬಂದ. ಅವ್ವ ಮೂರು ತಿಂದಳು. ಅಪ್ಪ ತನ್ನದನ್ನೂ ಅವಳ ಕೈಗಿಟ್ಟು, ಮುಖ ಆ ಕಡೆ ಮಾಡಿ ಕನ್ನಡಕ ಒರೆಸಿಕೊಂಡ.

ನಾನೀಗ ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೂ ಡಾಕ್ಟರಿಗೂ ನಡುವೆ ಕೂತು ಮಾತು ದಾಟಿಸುವ ಕೆಲಸ ಮಾಡುತ್ತೇನೆ. ಕನ್ನಡ, ಹಿಂದಿ, ಇಂಗ್ಲಿಷ್, ಅರಬ್ಬಿ. ತಲೆಯ ಅರ್ಧ ಕೂದಲು ಬೆಳ್ಳಗಾಗಿದೆ. ಇದನ್ನು ಎಲ್ಲಿ ಕಲಿತಿರಿ ಎಂದು ಹೊಸಬರು ಕೇಳುತ್ತಾರೆ. ಕೋರ್ಸಿನ ಹೆಸರು ಹೇಳುತ್ತೇನೆ. ಮೇಲೆ ಹೇಳಿದ್ದನ್ನೆಲ್ಲ ಹೇಳಲು ಆ ಜಾಗದಲ್ಲಿ ಹೊತ್ತಾದರೂ ಎಲ್ಲಿರುತ್ತದೆ? ಕೆಟ್ಟ ಸುದ್ದಿಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗ ಆತುರಪಡಬಾರದು, ಹೇಳಿದ ಮೇಲೆ ಎದ್ದುಹೋಗಬಾರದು ಎಂಬುದು ಮಾತ್ರ ಯಾವ ಕೋರ್ಸಿನಲ್ಲೂ ಇರಲಿಲ್ಲ. ಈಚೆಗೆ ಆ ಬೆಟ್ಟದ ಹೆಸರು ಟೀವಿಯಲ್ಲಿ ಬಂದಾಗಲೆಲ್ಲ ಕೆಟ್ಟ ಸುದ್ದಿಯೇ ಬರುತ್ತದೆ. ಆಗೆಲ್ಲ ಸಲ್ಮಾಗೆ ಫೋನು ಮಾಡುತ್ತೇನೆ. ಅವಳು ಬೇರೆ ದೇಶದಲ್ಲಿದ್ದಾಳೆ, ನಾಯೆಫ್‌ನ ಮೀಸೆ ಪೂರ್ತಿ ಬಿಳಿಯಾಗಿದೆಯಂತೆ. ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಫೋನು ಕಸಿದುಕೊಂಡು ತಾನೇ ಮಾತಾಡುತ್ತಾಳೆ.

ಸಿತ್ತಿ ತನ್ನ ಊರಿಗೆ ಹೊರಟದ್ದು ಸ್ಮಶಾನಕ್ಕೆ ಹೋಗಿಬಂದ ಮರುವರ್ಷ. ಮೊಣಕಾಲು ಸೋತಿತ್ತು, ಉಸಿರು ಹತ್ತುತ್ತಿತ್ತು. ಹೊಸ ಅಂಗಿ ತೊಡುವುದಾದರೆ ನಮ್ಮ ಬೆಟ್ಟದ ಹತ್ತಿರವೇ ಇದ್ದು ತೊಡುತ್ತೇನೆ, ದಾರಿ ದೂರವಾಗಬಾರದು ಎಂದು ನಗುತ್ತಿದ್ದಳು. ಎರಡು ಚಳಿಗಾಲ ಅಲ್ಲಿ ಕಳೆದು ತೀರಿಕೊಂಡಳು. ಆ ಸುದ್ದಿ ಬಂದ ದಿನ ಅವ್ವ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ಈಗ ಯಾರ ಮನ್ಯಾಗೋ ಹಾಲು ಕುಡ್ಯಾಕತ್ತಾಳ ನೋಡು, ಗದ್ದಲಾ ಮಾಡಕೋತ" ಎಂದಳು. ಸತ್ತ ಮೇಲೆ ಏನಾಗುತ್ತದೆಂದು ನಮ್ಮವರು ಹೇಳುವುದು ಬೇರೆ. ಅವ್ವ ಅದನ್ನೂ ಬಿಟ್ಟಿರಲಿಲ್ಲ, ಇದನ್ನೂ ಬಿಡಲಿಲ್ಲ.

ಸಿತ್ತಿ ಊರಿಗೆ ಹೊರಟ ಆ ದಿನ ನಾಯೆಫ್ ಸಾಮಾನನ್ನೆಲ್ಲ ಕೆಳಗಿಳಿಸಿ, ವಿಮಾನಕ್ಕೆ ಹೊತ್ತಾಯಿತೆಂದು ಗಡಿಬಿಡಿ ಮಾಡುತ್ತಿದ್ದ. ಸಿತ್ತಿ ಕೋಲು ಊರಿಕೊಂಡು ಎರಡು ಬಾಗಿಲುಗಳ ನಡುವಿನ ಜಾಗಕ್ಕೆ ಬಂದಳು. ಅವ್ವ ಈ ಕಡೆಯಿಂದ ಬಂದಳು. ಸಿತ್ತಿ ಏನೋ ಹೇಳಲು ಶುರುಮಾಡಿದಳು, ಅವ್ವ ಅವಳ ಮುಸುಕು ಸರಿಮಾಡುತ್ತ ಅದಕ್ಕೆ ಉತ್ತರ ಕೊಡತೊಡಗಿದಳು, ಇವಳು ಗದಗಿನ ಕನ್ನಡದಲ್ಲಿ, ಅವಳು ಬೆಟ್ಟದ ಅರಬ್ಬಿಯಲ್ಲಿ. ನಾನು ಎಂದಿನಂತೆ ನಡುವೆ ಹೋಗಿ ನಿಂತು ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಸಲ್ಮಾ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಅವ್ವ ಯಾವುದಕ್ಕೋ ನಕ್ಕಳು, ಸಿತ್ತಿ ಯಾವುದಕ್ಕೋ ಬೈದಳು. ಲಿಫ್ಟು ಬಂದು ನಿಂತಿತು, ಬಾಗಿಲು ತೆರೆಯಿತು, ಕಾದಿತು, ಮುಚ್ಚಿತು, ಖಾಲಿಯಾಗಿಯೇ ಕೆಳಗಿಳಿದುಹೋಯಿತು. ಅವರ ಮಾತು ಇನ್ನೂ ಮುಗಿದಿರಲಿಲ್ಲ.